ಕಮಲವ್ವ ಕಲಿತ ಕೊರಿಯನ್

ಶಶಿಧರನ ಅಂಗೈ ಬೆವರುತ್ತದೆ. ಅವನನ್ನು ಬಲ್ಲವರಿಗೆ ಇದೇನೂ ಹೊಸ ಸುದ್ದಿಯಲ್ಲ. ತುಮಕೂರಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಕೈಯ ಕೆಳಗೆ ಕರ್ಚೀಫು ಹಾಸಿಕೊಂಡು ಬರೆದವನು ಅವನು. ಆದರೂ ಅಕ್ಬರನ ಆಡಳಿತ ಸುಧಾರಣೆಗಳೆಲ್ಲ ಶಾಯಿಯ ಸಮೇತ ಹರಿದುಹೋಗಿ ಸಮಾಜ ವಿಜ್ಞಾನದಲ್ಲಿ ಅಂಕ ಬಿದ್ದುಹೋದವು. ಮದುವೆಯ ಮಂಟಪದಲ್ಲಿ ದೀಪಾಲಿಯ ಕೈ ಹಿಡಿದಾಗ, "ಈಗರೆ ಕೈ ತೊಳಕೊಂಡು ಬಂದೀರೇನ್ರಿ?" ಎಂದು ಅವಳು ಮೆಲ್ಲಗೆ ಕೇಳಿದ್ದಳು. ಗಂಡನೊಡನೆ ಅವಳು ಆಡಿದ ಮೊದಲ ಮಾತು ಅದು. ಹುಬ್ಬಳ್ಳಿಯ ಹುಡುಗಿ, ಸುತ್ತಿ ಬಳಸಿ ಮಾತಾಡಿ ಅಭ್ಯಾಸವಿಲ್ಲ.

ಇಷ್ಟು ವರ್ಷ ಆ ಕೈಗಳನ್ನು ಲೋಕದ ಕಣ್ಣಿನಿಂದ ಮುಚ್ಚಿಟ್ಟುಕೊಂಡು ಬಂದದ್ದೇ ಶಶಿಧರನ ಜೀವಮಾನದ ಸಾಧನೆ. ಅಮೆರಿಕದಲ್ಲಿ ಎದುರಿಗೆ ಬಂದವರೆಲ್ಲ ಕೈ ಚಾಚುತ್ತಾರೆ. ಇವನು ಅಷ್ಟು ದೂರದಲ್ಲಿಯೇ ನಿಂತು, ಎರಡೂ ಕೈ ಜೋಡಿಸಿ, ತಲೆ ಬಾಗಿಸಿಬಿಡುತ್ತಿದ್ದ. ಆಫೀಸಿನಲ್ಲಿ ಇವನಷ್ಟು ಸಂಸ್ಕಾರವಂತ ಇನ್ನೊಬ್ಬನಿಲ್ಲ ಎಂದು ಹೆಸರಾಗಿತ್ತು. ಪಕ್ಕದ ವಿಭಾಗದ ಮ್ಯಾನೇಜರಮ್ಮ ಒಬ್ಬರು ಇವನಿಂದ ಧ್ಯಾನ ಕಲಿಯಬೇಕೆಂದು ಕೇಳಿಕೊಂಡಿದ್ದರು. (ಜೋಡಿಸಿದ ಆ ಕೈಗಳ ನಡುವೆ ಒಂದು ಪುಟ್ಟ ಕೆರೆ ತುಂಬಿ ನಿಂತಿದೆಯೆಂದು ಪಾಪ, ಆಕೆಗೇನು ಗೊತ್ತು!)

ಲೋಕಕ್ಕೆಲ್ಲ ಸಂಕಟ ತಂದ ಕೊರೋನಾ ಕಾಲ ಅವನ ಅಂಗೈಗಳಿಗೆ ಮಾತ್ರ ಸುವರ್ಣಯುಗವಾಗಿತ್ತು. ಹಾಗೆ ಹೇಳಬಾರದು, ಆದರೂ ನಿಜ. ಯಾರೂ ಯಾರ ಕೈಯನ್ನೂ ಮುಟ್ಟುವಂತಿಲ್ಲ. ಪ್ಲೆಸೆಂಟನ್‌ನ ಮನೆಯ ಮಹಡಿಯ ಕೋಣೆಯಲ್ಲಿ ಎರಡು ಮಾನಿಟರು, ಕೀಬೋರ್ಡಿನ ಪಕ್ಕ ಒಂದು ಟವೆಲು, ಬಾಗಿಲು ಮುಚ್ಚಿದರೆ ಸ್ವರ್ಗ. ಆಮೇಲೆ ಆಫೀಸು ತೆರೆದರೂ ವಾರದಲ್ಲಿ ಒಂದೆರಡು ದಿನ ಹೋಗಿ ಮುಖ ತೋರಿಸಿದರೆ ಸಾಕಾಗಿತ್ತು.

ಅಂಥ ಸ್ವರ್ಗಕ್ಕೆ ಈಗ ಕಲ್ಲು ಬಿದ್ದಿತ್ತು. ಮುಂದಿನ ತಿಂಗಳಿನಿಂದ ಎಲ್ಲರೂ ವಾರದ ಐದೂ ದಿನ ಸ್ಯಾನ್ ಮಟಿಯೋ ಆಫೀಸಿಗೆ ಬರತಕ್ಕದ್ದು ಎಂದು ಇಮೇಲು ಬಂದಿತ್ತು. ಅಂದರೆ ಬೆಳಗಾಗುವ ಮುಂಚೆ ಎದ್ದು ಫ್ರೀವೇ ಹಿಡಿದು, ಸಮುದ್ರದ ಕೊಲ್ಲಿಗೆ ಕಟ್ಟಿದ ಉದ್ದನೆಯ ಸೇತುವೆಯ ಮೇಲೆ ಇರುವೆ ಸಾಲಿನ ಹಾಗೆ ತೆವಳಿ, ಒದ್ದೆ ಸ್ಟೀರಿಂಗು ಒರೆಸುತ್ತ ಹೋಗಬೇಕು. ವೈದ್ಯಕೀಯ ಕಾರಣವಿದ್ದವರಿಗೆ ಮಾತ್ರ ವಿನಾಯಿತಿ. ಕೊಡುವುದೂ ಬಿಡುವುದೂ ವಿಭಾಗದ ಮುಖ್ಯಸ್ಥರಾದ ಮಿಸ್ಟರ್ ಶಿನ್ ಅವರ ಕೈಯಲ್ಲಿ. ಎರಡು ವರ್ಷದ ಹಿಂದೆ ದಕ್ಷಿಣ ಕೊರಿಯಾದ ಸೋಲ್ ನಗರದಿಂದ ಬಂದ ಗಂಭೀರ ಮನುಷ್ಯ. ಯಾವಾಗ ನೋಡಿದರೂ ಬಲಗೈಯಲ್ಲಿ ಕಾಫಿಯ ಮಗ್ಗು. ನಕ್ಕದ್ದನ್ನು ಕಂಡವರಿಲ್ಲ.

ದೀಪಾಲಿ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟು. ಅವಳಿಗೆ ಇದೊಂದು ಸಮಸ್ಯೆಯೇ ಅಲ್ಲ.

"ಹೈಪರ್‌ಹೈಡ್ರೋಸಿಸ್ ಅಂತ ಬರದು ಕಳಿಸ್ರಿ. ಮುಗೀತು."

"ಆಫೀಸಿಗೆಲ್ಲ ಗೊತ್ತಾಗುತ್ತೆ ಕಣೇ."

"ಯಾರಿಗೂ ಗೊತ್ತಾಗೂದಿಲ್ಲ. ಗೊತ್ತಾಗಬಾರದು ಅಂತನ ಡಾಕ್ಟರು ಅಂಥಾ ಹೆಸರು ಇಟ್ಟಿರತಾರ. ಬೆವರು ಅಂದ್ರ ನಾಚಿಕಿ. ಹೈಪರ್‌ಹೈಡ್ರೋಸಿಸ್ ಅಂದ್ರ ಗ್ರೀಸ್ ದೇಶದಾಗ ಯಾವುದೋ ಛಲೋ ಊರು ಇರಬೇಕು ಅನಕೋತಾರ."

"ಶಿನ್ ಗೂಗಲ್ ಮಾಡ್ತಾರೆ."

"ಮಾಡ್ಲಿ ಬಿಡ್ರಿ. ನೀವೇನು ಕಳ್ಳತನ ಮಾಡೀರೇನು? ಬೆವತೀರಿ, ಅಷ್ಟ."

ಶಶಿಧರ ಬರೆಯಲಿಲ್ಲ. ಇಪ್ಪತ್ತು ವರ್ಷ ಕೈ ಮುಗಿದು ಸಂಪಾದಿಸಿದ ಗೌರವ ಒಂದು ಶಬ್ದದಲ್ಲಿ ತೊಯ್ದುಹೋಗುವುದು ಅವನಿಗೆ ಬೇಕಿರಲಿಲ್ಲ.

ಮನೆಯಲ್ಲಿಯೇ ಇರಬೇಕೆನ್ನುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಇದನ್ನು ಸ್ವಲ್ಪ ಮೆಲ್ಲಗೆ ಹೇಳಬೇಕು. ದೀಪಾಲಿಯ ತಾಯಿ ಕಮಲವ್ವ ಮಗಳ ಮನೆಗೆ ಬಂದು ನೆಲೆಸಿದ ಮೇಲೆ ಮಧ್ಯಾಹ್ನದ ಊಟಕ್ಕೆ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಅದರ ಮೇಲೆ ಬೆಣ್ಣೆ, ಕೊನೆಯಲ್ಲಿ ಗಟ್ಟಿ ಮೊಸರು ನಡೆದುಬಂದಿತ್ತು. ಇಷ್ಟನ್ನು ಉಂಡೂ ಎಚ್ಚರವಿರುವವನು ಯೋಗಿಯೇ ಆಗಿರಬೇಕು. ಶಶಿಧರ ಬರೀ ಇಂಜಿನಿಯರು. ಹಾಗಾಗಿ ಆಫೀಸಿನ ಕ್ಯಾಲೆಂಡರಿನಲ್ಲಿ ಊಟದ ನಂತರದ ಹೊತ್ತಿಗೆ ದಿನವೂ ಒಂದು ನೇರಳೆ ಪಟ್ಟಿ ಹಾಕಿ 'ಫೋಕಸ್ ಟೈಮ್' ಎಂದು ಬರೆದಿದ್ದ. ಏಕಾಗ್ರತೆಯ ಆ ಸಮಯದಲ್ಲಿ ಯಾರೂ ಕರೆಯುವಂತಿಲ್ಲ, ಮೀಟಿಂಗು ಇಡುವಂತಿಲ್ಲ. ಮಹಡಿಯ ಕೋಣೆಯ ದಿವಾನದ ಮೇಲೆ, ಹೂವಿನ ಗವುಸಿನ ದಿಂಬನ್ನು ತಬ್ಬಿಕೊಂಡು, ಅವನು ಎಷ್ಟು ಏಕಾಗ್ರನಾಗುತ್ತಿದ್ದನೆಂದರೆ ಗೊರಕೆ ಕೆಳಗಿನ ಅಡಿಗೆಮನೆಗೆ ಕೇಳುತ್ತಿತ್ತು.

ಕೇಳಿಸಿಕೊಂಡ ಕಮಲವ್ವ ಚಿಂತೆ ಮಾಡುತ್ತಿದ್ದರು. ಹಗಲು ಹೊತ್ತಿನಲ್ಲಿ, ಗಟ್ಟಿಮುಟ್ಟಾದ ಗಂಡಸು, ದಿನವೂ ಹೀಗೆ ಬಿದ್ದುಕೊಳ್ಳುವುದೆಂದರೆ ಮೈಯಲ್ಲಿ ಏನೋ ಇರಬೇಕು. ಅಳಿಯನನ್ನೇ ಕೇಳುವುದು ಸರಿಯಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು, "ಶಿವನ, ಅಳಿಯಾರ ನಿದ್ದಿ ಕಡಿಮಿ ಮಾಡಪಾ" ಎಂದು ದಿನವೂ ಬೇಡಿಕೊಳ್ಳುತ್ತಿದ್ದರು. ಆಮೇಲೆ ಪಾರ್ಕಿಗೆ ಹೋಗಿ ಯೂನವ್ವನಿಗೆ ಹೇಳಿಕೊಳ್ಳುತ್ತಿದ್ದರು.

ಯೂನವ್ವ ಎಂದರೆ ಪಕ್ಕದ ಬೀದಿಯ ಕೊರಿಯನ್ ಅಜ್ಜಿ. ನಿಜವಾದ ಹೆಸರು ಮಿಸೆಸ್ ಯೂನ್. ಕಮಲವ್ವನ ಬಾಯಲ್ಲಿ ಯಾವ ಹೆಂಗಸೂ ಅವ್ವನಾಗದೆ ಉಳಿಯುವುದಿಲ್ಲ. ಒಂದು ಬೆಳಿಗ್ಗೆ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದಾಗ ಕಮಲವ್ವನಿಗೆ ಹುಳಿತೇಗು ಬಂತು. ಸಂಕೋಚದಿಂದ ಸೆರಗು ಬಾಯಿಗೆ ಹಿಡಿದರು. ಬೆಂಚಿನ ಆ ತುದಿಯಲ್ಲಿದ್ದ ಅಜ್ಜಿ ತನ್ನ ಎದೆಯ ಕೆಳಗೆ ಕೈ ಉಜ್ಜಿಕೊಂಡು, ಬಲ್ಲೆ ಬಲ್ಲೆ ಎಂಬಂತೆ ತಲೆಯಾಡಿಸಿ, "ವಿಸಾನ್ ಗ್ವಾದಾ" ಎಂದಳು. ಅಂದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚು. ಅಲ್ಲಿಂದ ಶುರುವಾಯಿತು ಸ್ನೇಹ.

ಒಬ್ಬರಿಗೆ ಇನ್ನೊಬ್ಬರ ಭಾಷೆ ಬಾರದು. ಇಂಗ್ಲಿಷು ಇಬ್ಬರಿಗೂ ಅಷ್ಟಕ್ಕಷ್ಟೇ. ಆದರೆ ಹೊಟ್ಟೆ, ಮೊಣಕಾಲು, ಬೆವರು, ನಿದ್ದೆ ಇಬ್ಬರಿಗೂ ಇದ್ದವಲ್ಲ! ಯೂನವ್ವ ಗಂಡನ ಜೊತೆ ಬುಸಾನ್‌ನಲ್ಲಿ ಬಹಳ ಕಾಲ ಔಷಧಿ ಅಂಗಡಿ ನಡೆಸಿದವಳು. ಅವಳ ಬಾಯಲ್ಲಿ ಪ್ರತಿ ಬೇನೆಗೂ ಶುದ್ಧವಾದ ಹೆಸರು. ಕಮಲವ್ವ ಅಭಿನಯಿಸಿ ತೋರಿಸುವುದು, ಯೂನವ್ವ ಹೆಸರು ಹೇಳುವುದು, ಕಮಲವ್ವ ಅದನ್ನು ವಚನದಂತೆ ಬಾಯಿಪಾಠ ಮಾಡುವುದು. ರಾತ್ರಿ ಊಟದ ಹೊತ್ತಿಗೆ ಅದು ಮನೆಗೆ ಬರುತ್ತಿತ್ತು.

"ದೀಪಾ, ಮ್ಯಾಲಿಂದ ಮ್ಯಾಲೆ ಬಚ್ಚಲಕ್ಕ ಹೋಗೂದಕ್ಕ ನಿಮ್ಮ ಇಂಗ್ಲಿಷಿನಾಗ ಏನಂತಾರ?"

"ಪಾಲಿಯೂರಿಯಾ ಅಂತಾರವ್ವಾ. ಊಟಾ ಮಾಡು."

"ಅವರಲ್ಲಿ ದಾನ್ಯೋಜುಂಗ್. ಬೆವರಿಗೆ?"

"ಹೈಪರ್‌ಹೈಡ್ರೋಸಿಸ್."

"ದಾಹಾನ್‌ಜುಂಗ್. 'ದಾ' ಅಂದ್ರ ಭಾಳ. ಏನು ಭಾಳ ಆತೋ ಅದರ ಮುಂದ ದಾ ಹಚ್ಚಿದ್ರ ಮುಗೀತು. ಎಷ್ಟು ನೀಟ ಐತಿ ನೋಡು. ನಿಮ್ಮ ಇಂಗ್ಲಿಷಿನವರು ರೋಗಕ್ಕಿಂತ ದೊಡ್ಡ ಹೆಸರಿಡತಾರ. ಮನಶ್ಯಾ ಹೆಸರಿಗೇ ಹೆದರಿ ಹಾಸಿಗಿ ಹಿಡೀತಾನ."

"ಭಾಳ ಮಾತಾಡೂದಕ್ಕೂ ಹೆಸರೈತೇನು ಅವರಲ್ಲಿ?" ಎಂದು ದೀಪಾಲಿ ನಕ್ಕರೆ, ಕಮಲವ್ವ ಗಂಭೀರವಾಗಿ, "ಐತಿ. ದಾಬ್ಯೊನ್‌ಜುಂಗ್. ಯೂನವ್ವನ ಗಂಡಗ ಇತ್ತಂತ, ಪಾಪ" ಎನ್ನುತ್ತಿದ್ದರು.

ಹೀಗೆ ಒಂದು ವರ್ಷದಲ್ಲಿ ಕಮಲವ್ವ ಸಂಪಾದಿಸಿದ ಕೊರಿಯನ್ ಭಾಷೆಯಲ್ಲಿ ಅನ್ನ ಇರಲಿಲ್ಲ, ನೀರು ಇರಲಿಲ್ಲ, 'ಬನ್ನಿ ಕೂತುಕೊಳ್ಳಿ' ಇರಲಿಲ್ಲ. ಆರೋಗ್ಯವಂತನೊಬ್ಬ ಎದುರಿಗೆ ಬಂದರೆ, ನಮಸ್ಕಾರ ಹೇಳಿದ ಮೇಲೆ ಅವನೊಂದಿಗೆ ಆಡಲು ಆ ಭಾಷೆಯಲ್ಲಿ ಮಾತೇ ಇರಲಿಲ್ಲ. ಆದರೆ ಸ್ನೇಹಕ್ಕೆ ಅಷ್ಟು ಸಾಕಾಗಿತ್ತು. ಲಿವರ್‌ಮೋರಿನ ಗುಡಿಗೆ ಹೋದಾಗ ಕಮಲವ್ವ ಯೂನವ್ವನ ಮೊಣಕಾಲಿನ ಹೆಸರಿನಲ್ಲಿ ತಪ್ಪದೆ ಒಂದು ದೀಪ ಹಚ್ಚಿಬರುತ್ತಿದ್ದರು.

ಊಟದ ಮೇಜಿನಲ್ಲಿ ಮೊಬೈಲು ನೋಡುತ್ತ ಕೂರುವ ಶಶಿಧರನ ಕಿವಿಗೆ ಇದರಲ್ಲಿ ಬಿದ್ದದ್ದು ಒಂದೇ ಸಂಗತಿ. ಅತ್ತೆಗೆ ಕೊರಿಯನ್ ಬರುತ್ತದೆ. ವಿನಾಯಿತಿಯ ಚಿಂತೆಯಲ್ಲಿ ಒದ್ದಾಡುತ್ತಿದ್ದ ಅವನ ತಲೆಯಲ್ಲಿ ಒಂದು ದಿನ ದೀಪ ಹೊತ್ತಿತು. ಶಿನ್ ಅವರನ್ನು ಮನೆಗೆ ಊಟಕ್ಕೆ ಕರೆಯುವುದು. ಅವರ ಭಾಷೆಯಲ್ಲಿ ಅತ್ತೆ ಉಪಚಾರ ಮಾಡುವುದು. ಊಟವಾದ ಮೇಲೆ ಮಹಡಿಗೆ ಕರೆದೊಯ್ದು ನಿಶ್ಶಬ್ದವಾದ ಕೋಣೆ, ಎರಡು ಮಾನಿಟರು, ಸುವ್ಯವಸ್ಥಿತವಾದ ಕಾರ್ಯಕ್ಷೇತ್ರವನ್ನು ತೋರಿಸಿ, 'ಇಲ್ಲಿದ್ದರೆ ನನ್ನ ಕೆಲಸ ಎರಡರಷ್ಟಾಗುತ್ತದೆ' ಎನ್ನುವುದು. ಬೆವರಿನ ಮಾತೇ ಬೇಕಿಲ್ಲ.

ಆಫೀಸಿನ ಕಾಫಿ ಯಂತ್ರದ ಎದುರು, "ನನ್ನ ಅತ್ತೆ ಕೊರಿಯನ್ ಮಾತಾಡ್ತಾರೆ" ಎಂದು ಶಶಿಧರ ಹೇಳಿದಾಗ ಶಿನ್ ಅವರ ಮುಖದಲ್ಲಿ ಏನೋ ಅಲುಗಿತು. ಹೆಂಡತಿ ಮಕ್ಕಳನ್ನು ಓದಿಗೆಂದು ಸೋಲ್‌ನಲ್ಲಿಯೇ ಬಿಟ್ಟು ಬಂದ ಮನುಷ್ಯ, ಶನಿವಾರವೆಲ್ಲ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ. ಬರುತ್ತೇನೆ ಎಂದರು.

ಶನಿವಾರ ಬೆಳಿಗ್ಗೆ ಶಶಿಧರ ಮಹಡಿಯ ಕೋಣೆಯನ್ನು ಒರೆಸಿ, ಹೂವಿನ ದಿಂಬನ್ನು ಅತ್ತೆಯ ಕಣ್ಣೆದುರೇ ಬೀರುವಿನೊಳಗೆ ತುರುಕಿ, ದಿವಾನದ ಮೇಲೆ ದಪ್ಪದಪ್ಪ ಪುಸ್ತಕಗಳನ್ನು ಜೋಡಿಸಿಟ್ಟ. ಅತಿಥಿ ಬರಲು ಅರ್ಧ ಗಂಟೆ ಇರುವಾಗ ಅಡಿಗೆಮನೆಗೆ ಬಂದು, "ಅತ್ತೆ, ಅವರು ಬಂದ ಕೂಡಲೇ ಏನಂತೀರಿ? ಒಂದ್ಸಲ ಹೇಳಿ ನೋಡೋಣ" ಎಂದ.

ಕಮಲವ್ವ ಹಿಟ್ಟು ಹತ್ತಿದ ಕೈ ಎತ್ತಿ, "ಅನ್ಯೊಂಗ್ ಹಾಸೆಯೊ" ಎಂದು ಕೊರಿಯನ್ ನಮಸ್ಕಾರ ಹೇಳಿದರು.

"ಭೇಷ್! ಆಮೇಲೆ?"

"ಆಮ್ಯಾಲೆ ವಿಸಾನ್ ಗ್ವಾದಾ ಐತೇನು ಕೇಳತೀನಿ."

"ಹಾಗಂದ್ರೆ?"

"ಹೊಟ್ಟ್ಯಾಗ ಹುಳಿ."

"ಬೇರೆ ಏನು ಗೊತ್ತು ಅತ್ತೆ?"

ಕಮಲವ್ವ ಬಾಯಿಪಾಠ ಒಪ್ಪಿಸಿದರು. ಮೂತ್ರ, ಬೆವರು, ಜೊಲ್ಲು, ನಿದ್ದೆ, ವಾಯು. ಪ್ರತಿಯೊಂದಕ್ಕೂ ಲಟ್ಟಣಿಗೆ ಹಿಡಿದೇ ಅಭಿನಯ.

"ದೀಪಾ! ನಿಂಗಿದು ಗೊತ್ತಿತ್ತಾ?"

"ವರ್ಷದಿಂದ ನಿಮ್ಮ ಮುಂದ ಕೂತು ಹೇಳಾಕತ್ತಾರ. ನೀವು ಕಿವಿ ಎಲ್ಲಿಟ್ಟಿದ್ರಿ?" ದೀಪಾಲಿ ಸೌತೆಕಾಯಿ ಕೊಚ್ಚುತ್ತ ಕೇಳಿದಳು.

"ಅತ್ತೆ, ದಯವಿಟ್ಟು. ನೀವು ಬರೀ ನಕ್ಕರೆ ಸಾಕು. ಕಾಯಿಲೆ ಕಸಾಲೆ ಒಂದೂ ಬೇಡ. ದೊಡ್ಡ ಮನುಷ್ಯರು."

"ಅಯ್ಯ, ಮನೀಗೆ ಬಂದವರನ್ನ ಆರಾಮ ಅದೀರೇನು ಅಂತ ಕೇಳೂದು ಬ್ಯಾಡೇನ್ರಿ ಅಳಿಯಾರ? ದೊಡ್ಡವರಿಗೆ ಹೊಟ್ಟಿ ಇರೂದಿಲ್ಲೇನು?" ಕಮಲವ್ವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು.

ಶಿನ್ ಒಂದು ಪೆಟ್ಟಿಗೆ ತುಂಬ ಪೇರು ಹಣ್ಣನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಶಶಿಧರ ಕೈ ಮುಗಿದ. ಕಮಲವ್ವ "ಅನ್ಯೊಂಗ್ ಹಾಸೆಯೊ" ಎಂದಾಗ ಶಿನ್ ಸೊಂಟ ಬಾಗಿಸಿ ವಂದಿಸಿದರು. ಅವರು ಬಾಗಿದ್ದನ್ನು ಕಂಡು ಕಮಲವ್ವ ಇನ್ನೂ ಬಾಗಿದರು. ಆರಂಭ ಶುಭವಾಗಿಯೇ ಇತ್ತು.

ಊಟವೂ ಚೆನ್ನಾಗಿ ನಡೆಯಿತು. ಶಿನ್ ರೊಟ್ಟಿಯನ್ನು ಮುರಿದು, ಕೆಂಪು ಮೆಣಸಿನಕಾಯಿಯ ರಂಜಕದಲ್ಲಿ ಅದ್ದಿ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಮನೆಯ ನೆನಪಾಯಿತು ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅಷ್ಟು ಸಾಕು, ಕಮಲವ್ವ ಇನ್ನೊಂದು ರೊಟ್ಟಿ ಹಾಕಿದರು. ಬೇಡವೆಂದು ಕೈ ಅಡ್ಡ ಮಾಡಿದರೆ ಕೈಯ ಮೇಲೆಯೇ ಹಾಕುವುದು ಅವರ ಕ್ರಮ. ಶಶಿಧರ ನಿಧಾನವಾಗಿ ಉಸಿರು ಬಿಡತೊಡಗಿದ್ದ. ಆಗ ಶಿನ್ ಎದೆಯ ಕೆಳಗೆ, ಯಾರಿಗೂ ಕಾಣದಂತೆ, ಹೆಬ್ಬೆರಳಿನಿಂದ ಒತ್ತಿಕೊಂಡರು.

ಯಾರಿಗೂ ಕಾಣದಿದ್ದರೂ ಕಮಲವ್ವನಿಗೆ ಕಂಡಿತು.

"ವಿಸಾನ್ ಗ್ವಾದಾ?"

ಶಶಿಧರ ಮೇಜಿನ ಕೆಳಗೆ ಹೆಂಡತಿಯ ಕಾಲು ತುಳಿದ. ಅವಳು ತಿರುಗಿ ತುಳಿದಳು.

ಶಿನ್ ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟರು. ಕಮಲವ್ವನ ಮುಖವನ್ನೇ ನೋಡಿದರು. "ನೇ," ಎಂದರು. ಹೌದು ಎಂದರ್ಥ. ಆಮೇಲೆ ಇನ್ನೊಮ್ಮೆ, ಮೆಲ್ಲಗೆ, "ನೇ." ಮತ್ತೆ ಅವರ ಬಾಯಿಂದ ಕೊರಿಯನ್ ಭಾಷೆ ಹೊರಟಿತು ನೋಡಿ, ಎರಡು ವರ್ಷದಿಂದ ಕಟ್ಟಿ ನಿಂತ ನೀರಿನ ಹಾಗೆ! ಹೊಟ್ಟೆ ಮುಟ್ಟಿ ತೋರಿಸಿದರು, ಗಂಟಲು ತೋರಿಸಿದರು, ಕೈಯಿಂದ ವಿಮಾನದ ಅಭಿನಯ ಮಾಡಿದರು, ಸಣ್ಣ ಮಕ್ಕಳ ಎತ್ತರ ತೋರಿಸಿದರು. ಒಂದು ಅಕ್ಷರವೂ ತಿಳಿಯದ ಕಮಲವ್ವ ಗಲ್ಲಕ್ಕೆ ಕೈಹಚ್ಚಿ ಕೂತು, "ಹೂಂ... ಅಯ್ಯ ಶಿವನ... ಹೌದ್ಹೌದು... ಒಬ್ಬರ ಇದ್ರ ಹಂಗ ಆಗತೈತಿ" ಎಂದು ಎಲ್ಲಿ ಏನು ಅನ್ನಬೇಕೋ ಅಲ್ಲಿ ಅದನ್ನೇ ಅಂದರು. ಎದ್ದು ಹೋಗಿ ಓಮಿನ ಕಾಳಿಗೆ ಉಪ್ಪು ಬೆರೆಸಿ ಬಿಸಿನೀರು ತಂದುಕೊಟ್ಟರು. ಶಿನ್ ಕುಡಿದರು. ಸ್ವಲ್ಪ ಹೊತ್ತಿಗೆ ದೊಡ್ಡದೊಂದು ತೇಗು ಬಂತು. ಅವರು ಗಾಬರಿಯಿಂದ ಬಾಯಿ ಮುಚ್ಚಿಕೊಂಡರೆ ಕಮಲವ್ವ ಚಪ್ಪಾಳೆ ತಟ್ಟಿದರು.

"ದಾನ್ಯೋಜುಂಗ್?" ಮುಂದಿನ ಪ್ರಶ್ನೆ.

"ಅತ್ತೆ!"

"ಸುಮ್ಮಕಿರ್ರಿ, ಕೇಳೂದರಾಗ ಏನೈತಿ?"

ಅದು ಇಲ್ಲವೆಂದು ಶಿನ್ ತಲೆಯಾಡಿಸಿದರು. ನಕ್ಕರು. ಮಿಸ್ಟರ್ ಶಿನ್ ನಕ್ಕರು! ದೀಪಾಲಿ ಮೊಸರು ತರುವ ನೆಪದಲ್ಲಿ ಅಡಿಗೆಮನೆಗೆ ಓಡಿ, ಫ್ರಿಜ್ಜಿನೊಳಗೆ ತಲೆ ಇಟ್ಟುಕೊಂಡು ನಕ್ಕಳು.

ಉತ್ತೇಜಿತರಾದ ಕಮಲವ್ವ ಈಗ ಮನೆಯವರನ್ನು ಪರಿಚಯಿಸತೊಡಗಿದರು. ತಮ್ಮ ಹೊಟ್ಟೆ ಮುಟ್ಟಿಕೊಂಡು "ವಿಸಾನ್ ಗ್ವಾದಾ". ಆಮೇಲೆ ಅಳಿಯನ ಕಡೆ ತಿರುಗಿದರು. ಶಶಿಧರ ಕೈಗಳನ್ನು ತೊಡೆಯ ಕೆಳಗೆ ಬಚ್ಚಿಟ್ಟುಕೊಂಡ. ಕಮಲವ್ವ ಒಂದನ್ನು ಎಳೆದು ತೆಗೆದು, ಮೇಜಿನ ಮೇಲೆ ಅಂಗೈ ಮೇಲೆ ಮಾಡಿ ಇಟ್ಟರು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅದು ಆಗಷ್ಟೇ ತೊಳೆದ ಎಲೆಯಂತೆ ಮಿನುಗಿತು.

"ದಾಹಾನ್‌ಜುಂಗ್. ಪಾಪ, ಸಣ್ಣಾಂವ ಇದ್ದಾಗಿಂದ."

ಶಶಿಧರನಿಗೆ ನೆಲ ಬಾಯಿ ಬಿಡಬಾರದೇ ಎನಿಸಿತು. ತುಮಕೂರು, ಅಕ್ಬರ, ಮಂಟಪ, ಇಪ್ಪತ್ತು ವರ್ಷದ ನಮಸ್ಕಾರಗಳು ಎಲ್ಲವೂ ಆ ಅಂಗೈಯ ಮೇಲೆ ಬಯಲಾಗಿ ಕೂತಿದ್ದವು.

ಶಿನ್ ಆ ಕೈಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೊದಲ ಬಾರಿಗೆ, ಊಟದ ಉದ್ದಕ್ಕೂ ಎಡಗೈಯಲ್ಲಿ ಮುದ್ದೆ ಮಾಡಿ ಹಿಡಿದಿದ್ದ ಕರವಸ್ತ್ರವನ್ನು ಮೇಜಿನ ಮೇಲಿಟ್ಟರು. ಹಿಂಡಿದರೆ ನೀರು ಬರುವಂತಿತ್ತು. ತಮ್ಮ ಅಂಗೈಯನ್ನು ಶಶಿಧರನ ಅಂಗೈಯ ಪಕ್ಕಕ್ಕೆ ಇಟ್ಟರು. ಅದೂ ಮಿನುಗಿತು.

"ಕಾಫಿ ಮಗ್ಗು," ಎಂದರು ಇಂಗ್ಲಿಷಿನಲ್ಲಿ, ತಪ್ಪೊಪ್ಪಿಕೊಳ್ಳುವವರ ಹಾಗೆ. "ನನಗೆ ಕಾಫಿ ಸೇರುವುದಿಲ್ಲ. ಕೈಯಲ್ಲಿ ಮಗ್ಗು ಇದ್ದರೆ ಯಾರೂ ಕೈ ಕುಲುಕುವುದಿಲ್ಲ."

"ಅದರೊಳಗೆ ಏನಿರತ್ತೆ?" ಶಶಿಧರ ಕೇಳಿದ.

"ಏನೂ ಇಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. "ನೀವು ಬಹಳ ದೈವಭಕ್ತರು ಅಂದುಕೊಂಡಿದ್ದೆ ನಾನು," ಎಂದರು ಶಿನ್. ದೀಪಾಲಿ ಇನ್ನು ತಡೆಯಲಾರದೆ ಗಟ್ಟಿಯಾಗಿಯೇ ನಕ್ಕಳು. ಆ ನಗೆಯಲ್ಲಿ ಶಶಿಧರನೂ ಸೇರಿಕೊಂಡ. ಎಷ್ಟೋ ವರ್ಷಗಳಿಂದ ಎದೆಯ ಮೇಲೆ ಕೂತಿದ್ದ ಏನೋ ಇಳಿದು ಹೋದಂತಾಯಿತು. ಮನೆಯಲ್ಲಿ ಕೆಲಸ ಮಾಡುವ ವಿನಾಯಿತಿಗೆ ಈ ಕಾರಣವನ್ನೇ ಬರೆದು ಕಳಿಸಿ, ಸೋಮವಾರ ಸಹಿ ಹಾಕುತ್ತೇನೆ, ಇದು ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂದು ಶಿನ್ ತಾವಾಗಿಯೇ ಹೇಳಿಬಿಟ್ಟರು. ದೀಪಾಲಿ ಅದನ್ನು ತಾಯಿಗೆ ಕನ್ನಡದಲ್ಲಿ ತಿಳಿಸಿದಳು.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಶಶಿಧರನೂ ಹಾಗೆಂದೇ ತಿಳಿದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡ. ಊಟವಾದ ಮೇಲೆ ಎಲ್ಲರೂ ಮಹಡಿಗೆ ಹೋದರು. ಶಿನ್ ಮಾನಿಟರುಗಳನ್ನು ಮೆಚ್ಚಿದರು, ಕಿಟಕಿಯನ್ನು ಮೆಚ್ಚಿದರು, ದಿವಾನದ ಮೇಲಿನ ಪುಸ್ತಕಗಳನ್ನು ಬಹಳ ಮೆಚ್ಚಿದರು.

ಹಿಂದಿನಿಂದ ಮೆಟ್ಟಿಲು ಹತ್ತಿ ಬಂದ ಕಮಲವ್ವ ಬಾಗಿಲಲ್ಲಿ ನಿಂತು ಯೋಚಿಸಿದರು. ಈ ಶಿನ್ನಪ್ಪ ಎಷ್ಟು ಒಳ್ಳೆಯವನು! ಒಂದು ಬೇನೆ ಹೇಳಿದ್ದಕ್ಕೆ ಅಳಿಯನಿಗೆ ಇಷ್ಟು ಸಹಾಯ ಮಾಡಿದ. ದೊಡ್ಡ ಬೇನೆಯನ್ನೇ ಹೇಳದೆ ಬಿಟ್ಟರೆ ತಾಯಿಯಂತಿರುವ ತಾನು ಇದ್ದೇನು ಬಂತು?

ನೇರವಾಗಿ ಬೀರುವಿನ ಹತ್ತಿರ ಹೋಗಿ, ಬಾಗಿಲು ತೆರೆದು, ಹೂವಿನ ದಿಂಬನ್ನು ಹೊರತೆಗೆದರು.

"ಅತ್ತೆ, ಅದು ಈಗ ಬೇಡ..."

"ನೀವು ನಾಚಿಕೊಂಡ್ರ ರೋಗ ನಾಚಿಕೊಳ್ಳೂದಿಲ್ಲರೀ ಅಳಿಯಾರ." ದಿಂಬನ್ನು ತಬ್ಬಿಕೊಂಡು, ತಲೆ ವಾಲಿಸಿ, ಅಡಿಗೆಮನೆಗೆ ಕೇಳುವ ಆ ಗೊರಕೆಯನ್ನು ಚಾಚೂ ತಪ್ಪದೆ ಹೊಡೆದು ತೋರಿಸಿ, ಅಳಿಯನ ಕಡೆ ಬೆರಳು ಮಾಡಿ ಕಮಲವ್ವ ಹೇಳಿದರು: "ಗ್ವಾದಾ ಸುಮ್ಯೊನ್!"

ಅತಿನಿದ್ರೆ. ಯೂನವ್ವ ಕಲಿಸಿದ ಉಚ್ಚಾರಣೆ ಸ್ಫಟಿಕದಂತೆ ಸ್ವಚ್ಛವಾಗಿತ್ತು.

ಶಿನ್ ಗಾಬರಿಯಾದರು. ಕೈಗಡಿಯಾರವನ್ನು ತೋರಿಸಿ, ಯಾವಾಗ ಎಂದು ಕಣ್ಣಿನಲ್ಲಿಯೇ ಕೇಳಿದರು. ಕಮಲವ್ವ ಮೊದಲು ಊಟದ ಅಭಿನಯ ಮಾಡಿದರು, ಆಮೇಲೆ ಚಹದ ಅಭಿನಯ ಮಾಡಿದರು, ಎರಡರ ನಡುವಿನ ಗಾಳಿಯನ್ನು ಪೂರ್ತಿ ತುಂಬುವಂತೆ ದಿಂಬನ್ನು ಹಿಡಿದರು. ಕೊನೆಗೆ ಗೋಡೆಯ ಕ್ಯಾಲೆಂಡರಿನ ಮೇಲೆ ಸೋಮವಾರದಿಂದ ಶುಕ್ರವಾರದ ತನಕ ಬೆರಳು ಎಳೆದರು.

ಶಿನ್ ಎಣಿಕೆ ಹಾಕುತ್ತಿರುವುದು ಶಶಿಧರನಿಗೆ ಕಾಣುತ್ತಿತ್ತು. ಲೆಕ್ಕ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದೂ ಗೊತ್ತಿತ್ತು.

"ಓಹ್," ಎಂದರು ಶಿನ್. "ಫೋಕಸ್ ಟೈಮ್."

ಹೊರಡುವಾಗ ಬಾಗಿಲಲ್ಲಿ ನಿಂತು ಅವರು ಕೈ ಚಾಚಿದರು. ಶಶಿಧರ ಒರೆಸಿಕೊಳ್ಳದೆ ತನ್ನ ಕೈ ಕೊಟ್ಟ. ಎರಡು ಒದ್ದೆ ಕೈಗಳು ಬಹಳ ಹೊತ್ತು ಕುಲುಕಿಕೊಂಡವು. ಬದುಕಿನಲ್ಲಿ ಮೊದಲ ಬಾರಿಗೆ ಅವನಿಗೆ ನಾಚಿಕೆಯಾಗಲಿಲ್ಲ. (ಬೇರೆ ಕಾರಣಕ್ಕೆ ಆಗುತ್ತಿತ್ತು. ಅದು ಬೇರೆ.) ಶಿನ್ ಸಿಟ್ಟಾಗಿದ್ದಾರೋ ಇಲ್ಲವೋ ಅವರ ಮುಖ ನೋಡಿ ಹೇಳುವಂತಿರಲಿಲ್ಲ. ಹೋಳಿಗೆಯ ನಂತರ ಅವರ ರೆಪ್ಪೆಗಳು ಅರ್ಧ ಮುಚ್ಚಿದ್ದವು.

ಶಶಿಧರ ಬರೆದು ಕಳಿಸಿದ ಅರ್ಜಿಗೆ ಸೋಮವಾರ ಉತ್ತರ ಬಂತು. ಸಿಟ್ಟಿನ ಒಂದು ಮಾತೂ ಅದರಲ್ಲಿರಲಿಲ್ಲ, ಅದೇ ತೊಂದರೆ. 'ನಿಮ್ಮ ಬೆವರಿನ ಕಷ್ಟವನ್ನು ನಾನು ಪೂರ್ತಿ ಬಲ್ಲೆ. ಆದರೆ ನಿಮ್ಮ ನಿದ್ರೆಯ ಕಾಯಿಲೆಯ ಬಗ್ಗೆ ನಿಮ್ಮ ಅತ್ತೆಯವರಿಗೆ ಬಹಳ ಚಿಂತೆಯಿದೆ. ಇಂಥ ಸ್ಥಿತಿಯಲ್ಲಿ ನಿಮ್ಮನ್ನು ಮಹಡಿಯ ಕೋಣೆಯಲ್ಲಿ ಒಬ್ಬರನ್ನೇ ಬಿಡುವುದು ಸರಿಯಲ್ಲ. ನಿಮ್ಮ ಮೇಜನ್ನು ನನ್ನ ಕೋಣೆಯ ಬಾಗಿಲಿಗೇ ಹಾಕಿಸಿದ್ದೇನೆ. ಒಂದು ಫ್ಯಾನು ಇಟ್ಟಿದ್ದೇನೆ. ಐದೂ ದಿನ ಬನ್ನಿ. ಊಟದ ನಂತರ ಇಬ್ಬರೂ ಕೊಲ್ಲಿಯ ದಂಡೆಯಲ್ಲಿ ನಡೆಯೋಣ. ನಿಮ್ಮನ್ನು ಎಚ್ಚರವಾಗಿಡುವುದು ನನ್ನ ಜವಾಬ್ದಾರಿ.'

"ನೋಡ್ರಿ, ಎಂಥಾ ಮನಶ್ಯಾ!" ಕಮಲವ್ವನ ಕಣ್ಣು ತುಂಬಿ ಬಂತು. "ನನ್ನ ಪೂಜಾ ಫಲಾ ಕೊಟ್ಟಿತು."

"ಕೊಟ್ಟಿತು ಅತ್ತೆ," ಎಂದ ಶಶಿಧರ.

ದೀಪಾಲಿ ಕಾರಿಗೆ ಎರಡು ಹೊಸ ಟವೆಲು ತಂದಿಟ್ಟಳು.

ಮೊದಲ ವಾರ ಇಬ್ಬರೂ ಕೊಲ್ಲಿಯ ದಂಡೆಯಲ್ಲಿ ನಿಜವಾಗಿಯೂ ನಡೆದರು. ಎರಡನೆಯ ವಾರ ಕಮಲವ್ವ, ಒಬ್ಬಂಟಿ ಮನುಷ್ಯ ಪಾಪ ಏನು ತಿನ್ನುತ್ತಾನೋ ಎಂದು, ಅಳಿಯನ ಡಬ್ಬಿಯ ಜೊತೆ ಶಿನ್ನಪ್ಪನ ಡಬ್ಬಿಯನ್ನೂ ಕಟ್ಟತೊಡಗಿದರು. ರೊಟ್ಟಿ, ಎಣ್ಣೆಗಾಯಿ, ರಂಜಕ, ಮೇಲೆ ಬೆಣ್ಣೆ, ಕೊನೆಗೆ ಗಟ್ಟಿ ಮೊಸರು. ನಡಿಗೆ ಒಂದು ದಿನ ಅರ್ಧಕ್ಕೆ ನಿಂತಿತು, ಮರುದಿನ ಶುರುವಾಗಲೇ ಇಲ್ಲ. ಅದರ ಮರುದಿನ ಮಿಸ್ಟರ್ ಶಿನ್ ಅವರ ಕ್ಯಾಲೆಂಡರಿನಲ್ಲಿ, ಊಟದ ನಂತರದ ಹೊತ್ತಿಗೆ, ಒಂದು ನೇರಳೆ ಪಟ್ಟಿ ಕಾಣಿಸಿಕೊಂಡಿತು. ಅದರಲ್ಲಿ ಏನು ಬರೆದಿತ್ತೆಂದು ಹೇಳಬೇಕಾಗಿಲ್ಲ.

ಈಗ ದಿನವೂ ಆ ಹೊತ್ತಿಗೆ ಶಿನ್ ಕೋಣೆಯ ಪರದೆ ಇಳಿಯುತ್ತದೆ. ಬಾಗಿಲಿಗೇ ಮೇಜು ಇರುವ ಶಶಿಧರ ಹೊರಗೆ ಕೂತು, ಬಂದವರಿಗೆಲ್ಲ ಎದ್ದು ನಿಂತು ಕೈ ಮುಗಿದು, "ಸಾಹೇಬರು ಫೋಕಸ್‌ನಲ್ಲಿದ್ದಾರೆ" ಎಂದು ಹೇಳಿ ಕಳಿಸಬೇಕು. ಅವನೂ ಅದೇ ರೊಟ್ಟಿಯನ್ನೇ ಉಂಡಿರುತ್ತಾನೆ. ರೆಪ್ಪೆ ಮುಚ್ಚುವಂತಿಲ್ಲ. ಒಳಗಿನಿಂದ ಸಣ್ಣಗೆ ಗೊರಕೆ ಕೇಳಿದರೆ ಫ್ಯಾನನ್ನು ಜೋರು ಮಾಡಬೇಕು.

ಸೇತುವೆ ದಾಟಿ ಸಂಜೆ ಮನೆಗೆ ಬಂದು ಖಾಲಿ ಡಬ್ಬಿಗಳನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟಾಗ ಕಮಲವ್ವ ಅಕ್ಕರೆಯಿಂದ ಕೇಳಿದರು, "ಇವತ್ತೂ ಹಗಲಿ ನಿದ್ದಿ ಬರಲಿಲ್ಲಲ್ಲ ಅಳಿಯಾರ?"

"ಇಲ್ಲ ಅತ್ತೆ. ಒಂದು ನಿಮಿಷವೂ ಇಲ್ಲ."

"ಗುಣಾ ಆತು ನೋಡ್ರಿ! ನಾಳೆ ಯೂನವ್ವಗ ಹೇಳತೀನಿ."

"ನನಗೆ ಗುಣ ಆಯ್ತು. ಈಗ ಶಿನ್ ಅವರಿಗೆ ಶುರುವಾಗಿದೆ. ದಿನಾ ಊಟ ಆದಮೇಲೆ ಮಲಗಿಬಿಡ್ತಾರೆ," ಎಂದ ಶಶಿಧರ, ಈ ಸಲವಾದರೂ ಅತ್ತೆಗೆ ವಿಷಯ ಹೊಳೆದೀತು ಎಂಬ ಆಸೆಯಿಂದ.

ಕಮಲವ್ವ ಗಲ್ಲಕ್ಕೆ ಕೈಹಚ್ಚಿದರು.

"ಅಶಕ್ತತನ ಅದು, ಪಾಪ," ಎಂದರು. "ನಾಳಿಂದ ಅವರ ಡಬ್ಬಿಗೆ ಇನ್ನೂ ಎರಡು ರೊಟ್ಟಿ ಹೆಚ್ಚಿಗಿ ಇಡತೀನಿ."